ವಿಹಾರವೂ ಶಿಶುವಿಹಾರವೂ: ವೃದ್ಧರನ್ನೂ ಮಕ್ಕಳನ್ನೂ ಒಂದೆಡೆ ಸೇರಿಸುವ ವಿಚಾರ

1

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವೆಂಬ ಗ್ರಾಮದ ಹೆಸರು ಕನ್ನಡನಾಡಿನ ಬೌದ್ಧ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಈಗ ಅಪರಿಚಿತವಲ್ಲ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವತಿಯಿಂದ ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆದು, ಇಟ್ಟಿಗೆಯ ಚೈತ್ಯವೊಂದು, ಭಿಕ್ಷುಗಳ ವಾಸಸ್ಥಾನವಾದ ವಿಹಾರವೊಂದು, ಮಣ್ಣಿನಿಂದ ಮಾಡಿದ ಹರಕೆಯ ಕಿರುಸ್ತೂಪಗಳು ಬೆಳಕಿಗೆ ಬಂದವು. ಈ ಅವಶೇಷಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಮತಪ್ರಸಾರದ ಇತಿಹಾಸಕ್ಕೆ ಸಾಕ್ಷಿಯಾಗಿ ಪರಿಗಣಿಸುತ್ತಾರೆ. ಪ್ರಕೃತ ಲೇಖನದಲ್ಲಿ ಅವುಗಳ ಪೈಕಿ ವಿಹಾರವನ್ನು ಮಾತ್ರ ತೆಗೆದುಕೊಂಡು, ಅದನ್ನು ಮನುಷ್ಯರು ಬಾಳಿದ ಒಂದು ಮನೆಯೆಂದು ನೋಡುವ ಪ್ರಯತ್ನ ಮಾಡಿದೆ. ರಕ್ತಸಂಬಂಧವಿಲ್ಲದ ಹಿರಿಯರೂ ಕಿರಿಯರೂ ಒಂದೇ ಸೂರಿನಡಿ ನಿಯಮಬದ್ಧರಾಗಿ ಬಾಳಿದ ಸಂಸ್ಥೆಗಳಲ್ಲಿ ನಮ್ಮ ದೇಶದ ಬಹು ಹಳೆಯವುಗಳಲ್ಲೊಂದು ವಿಹಾರ. ಎಳೆಯ ಮಕ್ಕಳ ಶಾಲೆಗೆ ನಾವು ‘ಶಿಶುವಿಹಾರ’ವೆಂದು ಹೆಸರಿಟ್ಟಾಗ ಆ ಹಳೆಯ ಶಬ್ದದ ಈ ಅರ್ಥ ನಮ್ಮ ಮನಸ್ಸಿನಲ್ಲಿ ಇರಲಿಲ್ಲ. ಆದರೂ ಎರಡು ಶಬ್ದಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಚಿಸಲು ಈಗ ಕಾರಣವುಂಟು.

ವೃದ್ಧಾಶ್ರಮವನ್ನೂ ಮಕ್ಕಳ ಪಾಲನಾಗೃಹವನ್ನೂ ಒಂದೇ ಆವರಣಕ್ಕೆ ತರಬೇಕೆಂಬ ಅಭಿಪ್ರಾಯವು ಹಲವು ದೇಶಗಳಲ್ಲಿ ಪ್ರಯೋಗದ ಹಂತವನ್ನು ದಾಟಿದೆ. ನಮ್ಮಲ್ಲಿಯೂ ಈ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಸಮರ್ಥಿಸುವವರೆಲ್ಲರೂ ಒಂದು ಚಿತ್ರವನ್ನು ಮುಂದಿಡುತ್ತಾರೆ: ಅಜ್ಜಿ ಕಥೆ ಹೇಳುತ್ತಾಳೆ, ಮಕ್ಕಳು ಸುತ್ತ ಕುಳಿತು ಕೇಳುತ್ತವೆ, ಆಕೆಗೆ ಒಂಟಿತನ ನೀಗುತ್ತದೆ, ಮಕ್ಕಳಿಗೆ ಸಂಸ್ಕಾರ ದೊರೆಯುತ್ತದೆ. ಈ ಚಿತ್ರವು ಸಾಹಿತ್ಯದಿಂದ ಬಂದದ್ದು. ಆದುದರಿಂದ ಇದನ್ನು ಪರೀಕ್ಷಿಸುವುದು ಸಾಹಿತ್ಯವಿಮರ್ಶೆಯ ಕರ್ತವ್ಯವೂ ಹೌದು. ನಮ್ಮ ಉತ್ತಮ ಬರಹಗಳಲ್ಲಿ ವೃದ್ಧರಿಗೂ ಎಳೆಯರಿಗೂ ಸಂಬಂಧ ಕೂಡಿದ್ದು ಯಾವುದರಿಂದ? ಆ ಕಾರಣವನ್ನು ಆಶ್ರಯಮಂದಿರದಲ್ಲಿ ಉಂಟುಮಾಡಲು ಸಾಧ್ಯವೇ? ಇವೆರಡೇ ನಮ್ಮ ಪ್ರಶ್ನೆಗಳು.

2

ಮೊದಲು ವಿಹಾರದ ನಿಯಮವನ್ನು ನೋಡೋಣ. ಇಟ್ಟಿಗೆಯ ಕೋಣೆಗಳು ಅಳತೆಯನ್ನು ಮಾತ್ರ ಹೇಳುತ್ತವೆ. ಅವುಗಳೊಳಗಿನ ಬಾಳನ್ನು ತಿಳಿಯಲು ಪಾಲಿಭಾಷೆಯ ವಿನಯಪಿಟಕದ ‘ಮಹಾವಗ್ಗ’ವನ್ನು ತೆರೆಯಬೇಕು. ಅದನ್ನು ಒಣ ಕಟ್ಟಳೆಗಳ ಪಟ್ಟಿಯೆಂದು ತಿಳಿಯುವುದು ತಪ್ಪು. ಪ್ರತಿಯೊಂದು ಕಟ್ಟಳೆಗೂ ಹಿನ್ನೆಲೆಯಾಗಿ ಒಂದು ಘಟನೆಯಿದೆ. ಅನೇಕ ವೇಳೆ ಆ ಘಟನೆ ಒಂದು ತೊಂದರೆಯೇ ಆಗಿರುತ್ತದೆ.

ಆನಂದನಿಗೆ ಭಿಕ್ಷೆಯಿತ್ತು ಪೋಷಿಸುತ್ತಿದ್ದ ಕುಟುಂಬವೊಂದು ಸಾಂಕ್ರಾಮಿಕ ರೋಗದಿಂದ ನಾಶವಾಗಿ, ಇಬ್ಬರು ಹುಡುಗರು ಮಾತ್ರ ಉಳಿದರು. ಹಿಂದಿನ ರೂಢಿಯಂತೆ ಅವರು ಭಿಕ್ಷುಗಳನ್ನು ಕಂಡಾಗ ಓಡಿಬಂದರು, ಭಿಕ್ಷುಗಳು ಅವರನ್ನು ಅಟ್ಟಿದರು, ಹುಡುಗರು ಅತ್ತರು. ಹದಿನೈದು ವರ್ಷ ತುಂಬದವರಿಗೆ ಪ್ರವ್ರಜ್ಯೆ ಕೊಡಕೂಡದೆಂಬ ನಿಯಮ ಆಗ ಜಾರಿಯಲ್ಲಿತ್ತು. ಆನಂದನು ವಿಷಯವನ್ನು ನಿವೇದಿಸಿದಾಗ ಬುದ್ಧನು ಕೇಳಿದ ಪ್ರಶ್ನೆ, ಆ ಹುಡುಗರಿಗೆ ಕಾಗೆ ಓಡಿಸಲು ಬರುತ್ತದೆಯೇ ಎಂಬುದು. ಬರುತ್ತದೆಂದು ಉತ್ತರ ಬಂದಿತು. ಅಂದಿನಿಂದ ಕಾಗೆ ಓಡಿಸಬಲ್ಲ ಬಾಲಕನನ್ನು ಶ್ರಾಮಣೇರನಾಗಿ ಸೇರಿಸಿಕೊಳ್ಳಬಹುದೆಂದು ಅಪ್ಪಣೆಯಾಯಿತು. ಈ ಪ್ರಶ್ನೆಯ ಸೂಕ್ಷ್ಮವನ್ನು ಗಮನಿಸಬೇಕು. ಅನಾಥ ಬಾಲಕನು ಒಳಕ್ಕೆ ಬರುವುದು ಕರುಣೆಯಿಂದಲೇ. ಆದರೆ ಬಂದ ಮೇಲೆ ಅವನಿಗೆ ಒಂದು ಕೆಲಸವಿದೆ. ಅದು ಅವನ ಅಳತೆಗೆ ತಕ್ಕ ಚಿಕ್ಕ ಕೆಲಸ, ಮನೆಗೆ ನಿಜವಾಗಿ ಬೇಕಾದ ಕೆಲಸ.

ಎರಡನೆಯದು ಉಪಾಧ್ಯಾಯ ಮತ್ತು ಶಿಷ್ಯರ ಪರಸ್ಪರ ಕರ್ತವ್ಯಗಳು. ಹಿರಿಯನು ಕಿರಿಯನನ್ನು ಮಗನಂತೆಯೂ ಕಿರಿಯನು ಹಿರಿಯನನ್ನು ತಂದೆಯಂತೆಯೂ ಭಾವಿಸಬೇಕೆಂದು ಹೇಳಿದಷ್ಟಕ್ಕೆ ವಿನಯವು ತೃಪ್ತಿಪಡುವುದಿಲ್ಲ. ಬೆಳಿಗ್ಗೆ ಎದ್ದು ಹಲ್ಲುಕಡ್ಡಿ ಕೊಡುವುದು, ಬಾಯಿ ತೊಳೆಯಲು ನೀರಿಡುವುದು, ಆಸನ ಹಾಸುವುದು, ಗಂಜಿಯ ಪಾತ್ರೆ ತೊಳೆಯುವುದು, ಕೋಣೆ ಗುಡಿಸುವುದು, ಹೀಗೆ ದಿನದ ಕೆಲಸಗಳೆಲ್ಲ ಒಂದೊಂದಾಗಿ ಬರೆದಿವೆ. ಶಿಷ್ಯನು ಕಾಯಿಲೆ ಬಿದ್ದರೆ ಇದೇ ಕೆಲಸಗಳನ್ನು ಉಪಾಧ್ಯಾಯನು ಅವನಿಗೆ ಮಾಡಬೇಕು. ಭಾವನೆಯನ್ನು ಕಟ್ಟಳೆಯಿಂದ ಹುಟ್ಟಿಸಲಾಗದು. ಆದರೆ ಕೆಲಸವನ್ನು ಗೊತ್ತುಮಾಡಿದರೆ ಭಾವನೆ ಹುಟ್ಟಲು ಎಡೆಯಾಗುತ್ತದೆಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

ಮೂರನೆಯದು ಮಿತಿ. ಎಳೆಯರ ಗುಂಪೊಂದನ್ನು ಪೂರ್ಣ ಭಿಕ್ಷುಗಳನ್ನಾಗಿ ಸೇರಿಸಿಕೊಂಡಾಗ ಅವರು ನಸುಕಿನಲ್ಲೆದ್ದು ಗಂಜಿಗಾಗಿ ಅತ್ತರು, ಹಾಸಿಗೆಯನ್ನು ಹೊಲಸುಮಾಡಿದರು. ಆ ಅಳುವನ್ನು ಕೇಳಿದ ಬುದ್ಧನು ಇಪ್ಪತ್ತು ವರ್ಷಕ್ಕೆ ಮೊದಲು ಉಪಸಂಪದೆ ಕೂಡದೆಂದು ವಿಧಿಸಿದನು. ರಾಹುಲನಿಗೆ ಪ್ರವ್ರಜ್ಯೆಯಾದಾಗ ಅವನ ಅಜ್ಜನಾದ ಶುದ್ಧೋದನನು ಬಂದು, ಮಗ ಹೋದಾಗ ಪಟ್ಟ ದುಃಖಕ್ಕಿಂತ ಈಗಿನದು ಹೆಚ್ಚೆಂದು ಹೇಳಿ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಸೇರಿಸಿಕೊಳ್ಳಬಾರದೆಂದು ಬೇಡಿದನು, ಅದೂ ನಿಯಮವಾಯಿತು. ಒಬ್ಬ ಹಿರಿಯನ ಬಳಿ ಎಷ್ಟು ಮಂದಿ ಬಾಲಕರು ಇರಬಹುದೆಂಬ ಪ್ರಶ್ನೆಗೆ, ಅವನು ಎಷ್ಟು ಮಂದಿಗೆ ಬುದ್ಧಿ ಹೇಳಬಲ್ಲನೋ ಅಷ್ಟು ಮಂದಿ ಎಂಬುದು ಕೊನೆಗೆ ನಿಂತ ಉತ್ತರ. ಕೆಲಸ, ಪರಸ್ಪರತೆ, ಮಿತಿ ಎಂಬ ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಸಾಹಿತ್ಯಕ್ಕೆ ಬರೋಣ.

3

ತ್ರಿವೇಣಿಯವರ ‘ಕಾಶಿಯಾತ್ರೆ’ಯು ‘ಕರ್ಮವೀರ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾಲದ ಪ್ರಸಂಗವೊಂದನ್ನು ಸುಧಾ ಮೂರ್ತಿಯವರು 2004ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಸಂಗ್ರಹದಲ್ಲಿ ಬರೆದಿದ್ದಾರೆ. ಹನ್ನೆರಡು ವರ್ಷದ ಮೊಮ್ಮಗಳು ಪ್ರತಿವಾರ ಅಜ್ಜಿಗೆ ಆ ಕಂತನ್ನು ಓದಿ ಹೇಳುತ್ತಿದ್ದಳು. ಒಮ್ಮೆ ಆಕೆ ಮದುವೆಗೆಂದು ನೆರೆಯ ಊರಿಗೆ ಹೋಗಿ ಅಲ್ಲಿಯೇ ಒಂದು ವಾರ ಉಳಿದಳು. ಪತ್ರಿಕೆ ಬಂದಿತು, ಅಜ್ಜಿ ಅದರ ಚಿತ್ರಗಳನ್ನು ನೋಡಬಲ್ಲಳಾಗಿದ್ದಳೇ ಹೊರತು ಒಂದಕ್ಷರವನ್ನೂ ಓದಬಲ್ಲವಳಾಗಿರಲಿಲ್ಲ. ಇನ್ನೊಬ್ಬರನ್ನು ಓದಿಹೇಳೆಂದು ಕೇಳಲು ಆಕೆಗೆ ಸಂಕೋಚವಾಯಿತು. ಅರವತ್ತೆರಡನೆಯ ವಯಸ್ಸಿನಲ್ಲಿ ಆಕೆ ಅಕ್ಷರ ಕಲಿಯಲು ನಿಶ್ಚಯಿಸಿ, ದಸರೆಯ ಸರಸ್ವತೀಪೂಜೆಯ ದಿನವನ್ನೇ ಗಡುವಾಗಿ ಇಟ್ಟುಕೊಂಡು, ಮೊಮ್ಮಗಳಿಂದಲೇ ಕಲಿತಳು. ಆ ದಿನ ಮೊಮ್ಮಗಳನ್ನು ಗುರುವೆಂದು ತಿಳಿದು ಅವಳ ಕಾಲು ಮುಟ್ಟಿದಳು.

ಈ ಪ್ರಸಂಗವನ್ನು ಅಕ್ಷರಪ್ರಚಾರದ ನೀತಿಕಥೆಯೆಂದು ಪಾಠ ಹೇಳುವುದು ರೂಢಿಯಾಗಿದೆ. ಅದರ ಸತ್ತ್ವವಿರುವುದು ಬೇರೆಡೆ. ಕಥೆ ಹೇಳುವ ಅಜ್ಜಿ, ಕೇಳುವ ಮಗು ಎಂಬ ಕ್ರಮ ಇಲ್ಲಿ ಪೂರ್ತಿ ತಿರುವುಮುರುವಾಗಿದೆ. ಅಜ್ಜಿಗೆ ಒಂದು ಕೊರತೆಯಿದೆ. ಆ ಕೊರತೆ ಅವಳಿಗೆ ನೋವುಂಟುಮಾಡಿದೆ. ಅದನ್ನು ತುಂಬಬಲ್ಲದ್ದು ಮಗುವಿನ ಬಳಿ ಇದೆ. ಮಗು ಅಜ್ಜಿಯನ್ನು ರಂಜಿಸಲು ಬಂದುದಲ್ಲ. ಅದು ಊರಿಗೆ ಹೋದರೆ ಮನೆಯಲ್ಲಿ ಒಂದು ಕೆಲಸ ನಿಂತುಹೋಗುತ್ತದೆ. ಕಾಗೆ ಓಡಿಸುವ ಹುಡುಗರಂತೆಯೇ ಈ ಹುಡುಗಿಯೂ ಮನೆಗೆ ಬೇಕಾದವಳು.

ಇನ್ನೊಂದು ಅಂಶವೂ ಗಮನಾರ್ಹ. ಅಜ್ಜಿಯು ಅಷ್ಟೊಂದು ಕಾತರದಿಂದ ಕಾಯುತ್ತಿದ್ದ ಕಥೆಯಾದರೂ ಯಾವುದು? ಕಾಶಿಗೆ ಹೋಗಬೇಕೆಂದು ಕೂಡಿಟ್ಟ ಹಣವನ್ನು, ತಾನು ಕಾಶಿಗೆ ಹೋಗದೆ, ಒಬ್ಬ ಅನಾಥ ಹುಡುಗಿಯ ಮದುವೆಗಾಗಿ ಕೊಟ್ಟುಬಿಡುವ ಮುದುಕಿಯ ಕಥೆ ಅದು. ಒಂದೇ ಪ್ರಸಂಗದೊಳಗೆ ವೃದ್ಧಾಪ್ಯಕ್ಕೂ ಎಳೆತನಕ್ಕೂ ಇರುವ ನಂಟು ಎರಡು ರೂಪಗಳಲ್ಲಿ ಬಂದಿದೆ: ಒಂದರಲ್ಲಿ ಹಿರಿಯಳು ತನ್ನದನ್ನು ಕೊಡುತ್ತಾಳೆ, ಇನ್ನೊಂದರಲ್ಲಿ ಹಿರಿಯಳು ಕೈಚಾಚಿ ಪಡೆಯುತ್ತಾಳೆ. ಕಾದಂಬರಿಯ ಮುದುಕಿಗೂ ಆ ಹುಡುಗಿಗೂ ರಕ್ತಸಂಬಂಧವಿಲ್ಲವೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಆಶ್ರಯಮಂದಿರದಲ್ಲಿ ಸೇರುವವರು ಇಂಥವರೇ ಅಲ್ಲವೇ?

4

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು. 1977ರ ಜ್ಞಾನಪೀಠ ಪ್ರಶಸ್ತಿಯಿಂದ ಅದರ ಕೀರ್ತಿ ಇಮ್ಮಡಿಸಿತು. ಬಾಲ್ಯದಲ್ಲಿಯೇ ವಿಧವೆಯಾಗಿ, ತನ್ನದೆಂಬ ಸಂತಾನವಿಲ್ಲದೆ ಮನೆಯ ಹಿರಿಯಳಾಗಿ ಉಳಿದ ಮೂಕಜ್ಜಿಗೂ, ಓದಿ ಬಂದ ಸುಬ್ಬರಾಯನಿಗೂ ನಡೆಯುವ ಸಂಭಾಷಣೆಯೇ ಅದರ ಬೆನ್ನೆಲುಬು. ಸುಬ್ಬರಾಯನು ಮಗುವಲ್ಲ, ಬೆಳೆದ ಯುವಕ. ಆದುದರಿಂದ ಈ ಕೃತಿಯನ್ನು ನಮ್ಮ ವಿಷಯಕ್ಕೆ ಎಳೆದು ತರುವಾಗ ಎಚ್ಚರ ಅಗತ್ಯ. ಆದರೂ ಅವರಿಬ್ಬರ ಮಾತು ಬೆಳೆಯುವ ಬಗೆ ನಮಗೆ ಪಾಠವಾಗಬಲ್ಲದು. ಸುಬ್ಬರಾಯನು ಅಜ್ಜಿಯ ಬಳಿಗೆ ಬರಿಗೈಯಲ್ಲಿ ಬರುವುದಿಲ್ಲ. ತಾನು ಕಂಡ ವಸ್ತುವನ್ನೋ, ತನ್ನನ್ನು ಕಾಡುವ ಸಂದೇಹವನ್ನೋ ತರುತ್ತಾನೆ. ಹಳೆಯ ವಸ್ತುವೊಂದು ಕೈಗೆ ಬಂದರೆ ಅಜ್ಜಿಗೆ ಅದರ ಹಿಂದಿನ ಬಾಳು ಕಾಣುತ್ತದೆ. ಕಂಡುದನ್ನು ಆಕೆ ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಹೇಳುತ್ತಾಳೆ.

ಊರಿನ ಎಷ್ಟೋ ಮಂದಿಗೆ ಮೂಕಜ್ಜಿಯ ಮಾತು ಅರುಳುಮರುಳಾಗಿ ಕಾಣಿಸಬಹುದು. ಅವಳ ಮಾತಿಗೆ ಬೆಲೆ ಬರುವುದು ಪ್ರಶ್ನೆ ಕೇಳುವವನೊಬ್ಬನು ದಿನದಿನವೂ ಪಕ್ಕದಲ್ಲಿ ಕುಳಿತುದರಿಂದ. ವೃದ್ಧರಲ್ಲಿ ಅನುಭವದ ಭಂಡಾರವಿದೆ ಎಂಬ ಮಾತನ್ನು ಸಭೆಗಳಲ್ಲಿ ಪದೇ ಪದೇ ಕೇಳುತ್ತೇವೆ. ಭಂಡಾರವು ತಾನಾಗಿ ತೆರೆದುಕೊಳ್ಳುವುದಿಲ್ಲ. ಕೇಳುವವನಿಗೆ ನಿಜವಾದ ಕುತೂಹಲವಿರಬೇಕು; ಹೇಳುವವರಿಗೆ ಮೌನವಾಗಿರುವ ಹಕ್ಕು ಇರಬೇಕು; ಇಬ್ಬರಿಗೂ ನಾಳೆಯೂ ಮತ್ತೆ ಸೇರುತ್ತೇವೆಂಬ ನಂಬಿಕೆಯಿರಬೇಕು. ಒಂದು ಗಂಟೆಯ ಭೇಟಿಯಲ್ಲಿ ಇವು ಮೂರೂ ಸಾಧ್ಯವಿಲ್ಲ.

5

ಈ ದೃಷ್ಟಿಯಿಂದ ಇಂದಿನ ಪ್ರಯೋಗಗಳನ್ನು ಪರಿಶೀಲಿಸಬಹುದು. ಜಪಾನಿನ ಟೋಕಿಯೋ ನಗರದ ಎಡೊಗಾವಾ ಭಾಗದ ಕೊತೊಯೆನ್ ಎಂಬ ಸಂಸ್ಥೆಯು 1976ರಲ್ಲಿ ವೃದ್ಧರ ನಿಲಯವನ್ನೂ ಶಿಶುಪಾಲನಾಗೃಹವನ್ನೂ ಒಂದುಗೂಡಿಸಿತು. ಅಮೆರಿಕದ ಸಿಯಾಟಲ್ ನಗರದ ಪ್ರಾವಿಡೆನ್ಸ್ ಮೌಂಟ್ ಸೇಂಟ್ ವಿನ್ಸೆಂಟ್ ಎಂಬ ವೃದ್ಧನಿಲಯದೊಳಗೆ 1991ರಲ್ಲಿ ಶಿಶುವಿಹಾರ ಆರಂಭವಾಯಿತು. ಲಂಡನ್ ನಗರದ ನೈಟಿಂಗೇಲ್ ಹೌಸ್ ಎಂಬ ವೃದ್ಧನಿಲಯದ ಆವರಣದಲ್ಲಿ 2017ರಲ್ಲಿ ಅಂಥದೇ ಶಿಶುವಿಹಾರವನ್ನು ತೆರೆದರು. ಅದೇ ವರ್ಷ ಬ್ರಿಟನ್ನಿನ ದೂರದರ್ಶನ ವಾಹಿನಿಯೊಂದು ನಾಲ್ಕು ವರ್ಷದ ಮಕ್ಕಳನ್ನು ಆರು ವಾರಗಳ ಕಾಲ ವೃದ್ಧರ ಜೊತೆಗಿರಿಸಿ, ವೃದ್ಧರ ಉತ್ಸಾಹದಲ್ಲಿಯೂ ಚಲನೆಯಲ್ಲಿಯೂ ಆದ ಬದಲಾವಣೆಯನ್ನು ಪ್ರೇಕ್ಷಕರಿಗೆ ತೋರಿಸಿತು. ನಮ್ಮ ದೇಶದಲ್ಲಿ ವೃಂದಾವನದ ವಾತ್ಸಲ್ಯಗ್ರಾಮವು ಅನಾಥ ಮಗು, ತಾಯಿಯ ಸ್ಥಾನದ ಹೆಂಗಸು, ಅಜ್ಜಿಯ ಸ್ಥಾನದ ವೃದ್ಧೆ, ಇವರನ್ನು ಒಂದು ಸಂಸಾರವಾಗಿ ಕೂಡಿಸುವ ಕ್ರಮವನ್ನು ಅನುಸರಿಸಿದೆ.

ಇವುಗಳಲ್ಲಿ ದೂರದರ್ಶನದ ಪ್ರಯೋಗವೇ ಹೆಚ್ಚು ಪ್ರಸಿದ್ಧವಾದುದು ಆಶ್ಚರ್ಯವಲ್ಲ. ಆದರೆ ಕೊತೊಯೆನ್ ಮತ್ತು ಸಿಯಾಟಲ್‌ಗಳ ಕ್ರಮವೇ ಹೆಚ್ಚು ಬೆಲೆಯುಳ್ಳದ್ದು. ಆರು ವಾರಗಳಲ್ಲಿ ಲವಲವಿಕೆಯನ್ನು ಅಳೆಯಬಹುದು. ನೆರೆಹೊರೆಯ ಬಾಳನ್ನು ಅಳೆಯಲಾಗದು. ಮಕ್ಕಳು ದಿನವೂ ಅದೇ ಬಾಗಿಲಿನಿಂದ ಬರುವ ಕಡೆಯಲ್ಲಿ ಭೇಟಿಯು ಉತ್ಸವವಾಗಿ ಉಳಿಯದೆ ರೂಢಿಯಾಗುತ್ತದೆ. ಯಾವ ತಾತನಿಗೆ ಗದ್ದಲ ಸೇರದು, ಯಾವ ಅಜ್ಜಿಯ ಕೈ ನಡುಗುತ್ತದೆ ಎಂಬುದು ಮಗುವಿಗೆ ತಿಳಿಯುತ್ತದೆ.

ಕರ್ನಾಟಕದ ಸ್ಥಿತಿಯೇನು? 2011ರ ಜನಗಣತಿಯಂತೆ ರಾಜ್ಯದ ಜನರಲ್ಲಿ ಅರವತ್ತು ವರ್ಷ ಮೀರಿದವರು ಸುಮಾರು ಶೇ. 9.5ರಷ್ಟಿದ್ದರು. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ರಕ್ಷಣೆಗಳ 2007ರ ಕಾಯಿದೆಯು ಪ್ರತಿ ಜಿಲ್ಲೆಗೂ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಎಡೆಯಿರುವ ಒಂದು ವೃದ್ಧಾಶ್ರಮವನ್ನು ಉದ್ದೇಶಿಸಿದೆ. ಆಶ್ರಯ ಬೇಕಾದ ಮಕ್ಕಳ ಸಂಸ್ಥೆಗಳಿಗೆ 2015ರ ಬಾಲನ್ಯಾಯ ಕಾಯಿದೆಯು ಬೇರೆಯೇ ನೋಂದಣಿಯನ್ನೂ ನಿಯಮಗಳನ್ನೂ ವಿಧಿಸಿದೆ. ವೃದ್ಧರದು ಒಂದು ಇಲಾಖೆ, ಮಕ್ಕಳದು ಇನ್ನೊಂದು. ಎರಡು ಕಾಯಿದೆಗಳೂ ಒಳ್ಳೆಯ ಉದ್ದೇಶದಿಂದಲೇ ಆದವು; ಆದರೆ ಒಬ್ಬರಿಗೊಬ್ಬರು ಬೇಕಾಗಬಹುದಾದ ಎರಡು ಬಗೆಯ ಜನರು ಎರಡು ಕಡತಗಳಲ್ಲಿ ಬೇರೆಬೇರೆಯಾಗಿ ಉಳಿದಿದ್ದಾರೆ. ಇವರ ನಡುವೆ ಸಾಮಾನ್ಯವಾಗಿ ನಡೆಯುವ ಸಂಪರ್ಕವೆಂದರೆ ಶಾಲೆಯ ಮಕ್ಕಳನ್ನು ವಿಶೇಷ ದಿನದಂದು ವೃದ್ಧಾಶ್ರಮಕ್ಕೆ ಕರೆದೊಯ್ಯುವುದು. ಹಣ್ಣು ಹಂಚುತ್ತಾರೆ, ಹಾಡು ಹಾಡುತ್ತಾರೆ, ಭಾವಚಿತ್ರ ತೆಗೆಯುತ್ತಾರೆ, ಬಸ್ಸು ಹಿಂದಿರುಗುತ್ತದೆ. ಮಕ್ಕಳಿಗೆ ಅಲ್ಲಿ ಒಬ್ಬರ ಹೆಸರೂ ನೆನಪಿರುವುದಿಲ್ಲ. ಕೊಟ್ಟೆವೆಂಬ ಭಾವ ಮಕ್ಕಳಲ್ಲಿಯೂ, ಪಡೆದೆವೆಂಬ ಸಂಕೋಚ ವೃದ್ಧರಲ್ಲಿಯೂ ಉಳಿಯುತ್ತದೆ. ಇದನ್ನು ಸಮಾಗಮವೆಂದು ಕರೆಯುವುದು ಶಬ್ದದ ದುರುಪಯೋಗ.

6

ಈ ವಿಚಾರಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಮಕ್ಕಳ ನೆಗಡಿ, ಜ್ವರಗಳು ವೃದ್ಧರಿಗೆ ಅಪಾಯಕಾರಿ. 2020ರ ಕೋವಿಡ್ ಕಾಲದಲ್ಲಿ ವೃದ್ಧಾಶ್ರಮಗಳ ಬಾಗಿಲನ್ನು ಹೊರಗಿನವರಿಗೆ ಮುಚ್ಚಬೇಕಾಯಿತು. ಮಕ್ಕಳ ರಕ್ಷಣೆಯ ದೃಷ್ಟಿಯಿಂದ ಅಪರಿಚಿತರಾದ ಹಿರಿಯರ ನಡುವೆ ಅವರನ್ನು ಮೇಲ್ವಿಚಾರಣೆಯಿಲ್ಲದೆ ಬಿಡುವಂತಿಲ್ಲ. ಬಾಳೆಲ್ಲ ಮಕ್ಕಳನ್ನು ಸಾಕಿ ದಣಿದ ಹೆಂಗಸಿಗೆ ಮುಪ್ಪಿನಲ್ಲಾದರೂ ಶಾಂತವಾಗಿ ಕುಳಿತಿರುವ ಆಸೆ ಇರಬಹುದು. ಅಜ್ಜಿಯಾದ ಮಾತ್ರಕ್ಕೆ ಮಕ್ಕಳೆಂದರೆ ಹಿಗ್ಗಲೇಬೇಕೆಂಬ ನಿರ್ಬಂಧ ಅನ್ಯಾಯ. ಅನಾಥ ಮಗುವನ್ನು ವೃದ್ಧರ ಬೇಸರ ಕಳೆಯುವ ಔಷಧಿಯಾಗಿ ಬಳಸುವುದು ಇನ್ನೂ ಹೆಚ್ಚಿನ ಅನ್ಯಾಯ. ಇವಕ್ಕೆಲ್ಲ ಉತ್ತರ ವಿಹಾರದ ಮೂರನೆಯ ಪಾಠದಲ್ಲಿದೆ: ಒಪ್ಪಿಗೆ ಬೇಕು, ವಯಸ್ಸಿನ ಮಿತಿ ಬೇಕು, ಸಂಖ್ಯೆಯ ಮಿತಿ ಬೇಕು, ಅಳು ಕೇಳಿಬಂದಾಗ ನಿಯಮವನ್ನು ತಿದ್ದುವ ಧೈರ್ಯ ಬೇಕು.

ಸಾವಿನ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣವಾದದ್ದು. ಮಗುವಿಗೆ ಪ್ರಿಯರಾದ ತಾತ ಒಂದು ದಿನ ಇರುವುದಿಲ್ಲ. ಊರಿಗೆ ಹೋಗಿದ್ದಾರೆಂದು ಸುಳ್ಳು ಹೇಳಿದರೆ ಮಗು ಕಾಯುತ್ತದೆ. ಕಾದು, ನಮ್ಮನ್ನು ನಂಬುವುದನ್ನು ಬಿಡುತ್ತದೆ. ಹಳ್ಳಿಯ ಕೂಡುಕುಟುಂಬದಲ್ಲಿ ಸಾವನ್ನು ಮಕ್ಕಳಿಂದ ಮುಚ್ಚಿಡುವ ಪದ್ಧತಿಯಿರಲಿಲ್ಲ. ಮಕ್ಕಳು ಅದನ್ನು ದೊಡ್ಡವರ ಕೈಹಿಡಿದುಕೊಂಡೇ ಕಂಡರು. ವೃದ್ಧರನ್ನೂ ಮಕ್ಕಳನ್ನೂ ಕೂಡಿಸುವ ಸಂಸ್ಥೆಯು ಈ ಸುದ್ದಿಯನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಅದು ಆ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ನಾವು ಇದುವರೆಗೆ ಮಂಡಿಸಿದ ವಾದಕ್ಕೂ ಒಂದು ಆಕ್ಷೇಪವುಂಟು. ಪರಸ್ಪರ ಉಪಯೋಗವೇ ಸಂಬಂಧಕ್ಕೆ ಬುನಾದಿಯೆಂದರೆ, ಏನನ್ನೂ ಕೊಡಲಾರದ ವೃದ್ಧರ ಗತಿಯೇನು? ಮರೆವಿನ ಕಾಯಿಲೆಯಿಂದ ಮಾತು ಕಳೆದುಕೊಂಡವರು, ಹಾಸಿಗೆ ಹಿಡಿದವರು ಯಾವ ಪಾಠ ಹೇಳಬಲ್ಲರು, ಯಾವ ಕೆಲಸ ಮಾಡಬಲ್ಲರು? ಮಹಾವಗ್ಗವು ಈ ಪ್ರಶ್ನೆಯನ್ನೂ ಎದುರಿಸಿದೆ. ಅತಿಸಾರದಿಂದ ನರಳುತ್ತ ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧನೂ ಆನಂದನೂ ಕಂಡರು. ಉಳಿದವರು ಏಕೆ ನೋಡಿಕೊಳ್ಳುತ್ತಿಲ್ಲವೆಂದು ವಿಚಾರಿಸಿದಾಗ, ಅವನಿಂದ ಭಿಕ್ಷುಗಳಿಗೆ ಯಾವ ಉಪಕಾರವೂ ಇಲ್ಲವೆಂಬುದೇ ಕಾರಣವೆಂದು ತಿಳಿದುಬಂದಿತು. ಬುದ್ಧನು ತಾನೇ ನೀರು ಹೊಯ್ದು, ಆನಂದನ ಸಂಗಡ ಅವನನ್ನು ತೊಳೆದು ಮಂಚದ ಮೇಲೆ ಮಲಗಿಸಿದನು. ತಾಯಿತಂದೆಗಳಿಲ್ಲದ ಇವರು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಬೇರೆ ಯಾರೂ ಇಲ್ಲವೆಂಬುದನ್ನು ಸಂಘಕ್ಕೆ ನೆನಪಿಸಿದನು. ಕೆಲಸವು ಸಂಬಂಧಕ್ಕೆ ಬಾಗಿಲು. ಒಳಗೆ ಬಂದ ಮೇಲೆ ಕೆಲಸ ಮಾಡಲಾರದವನನ್ನು ಹೊರದೂಡುವ ಹಕ್ಕು ಯಾರಿಗೂ ಇಲ್ಲ. ಅಕ್ಷರ ಕಲಿಸಿದ ಮಗುವು, ಅದೇ ಅಜ್ಜಿ ಅಕ್ಷರವನ್ನೂ ತನ್ನ ಹೆಸರನ್ನೂ ಮರೆತ ದಿನ, ಅವಳ ಪಕ್ಕದಲ್ಲಿ ಕೂರಲು ಕಲಿತಿದ್ದರೆ ಆ ಸಂಸ್ಥೆಯು ಗೆದ್ದಿತೆನ್ನಬೇಕು.

7

ಇಷ್ಟೆಲ್ಲಕ್ಕೂ ದೊಡ್ಡ ಕಟ್ಟಡ ಅವಶ್ಯವೆಂದು ತಿಳಿಯಬೇಕಾಗಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿಕೊಂಡ ಕ್ಷೇತ್ರ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಯು ಹಳ್ಳಿಹಳ್ಳಿಗೂ ಹಬ್ಬಿದೆ. 2023-24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ರಾಜಘಟ್ಟದಂಥ ಗ್ರಾಮದಲ್ಲಿ ಮಕ್ಕಳು ಕೂಡುವ ಜಾಗವೂ, ಹಗಲೆಲ್ಲ ಒಂಟಿಯಾಗಿ ಜಗುಲಿಯ ಮೇಲೆ ಕೂರುವ ವೃದ್ಧರೂ ನೂರಿನ್ನೂರು ಹೆಜ್ಜೆಯ ಅಂತರದಲ್ಲಿರುವುದು ಸಹಜ. ಅವರನ್ನು ಸೇರಿಸಲು ಬೇಕಾದುದು ದಿನಕ್ಕೊಂದು ಗಂಟೆ, ಒಪ್ಪಿದ ನಾಲ್ಕೈದು ಮಂದಿ ಹಿರಿಯರು, ಮತ್ತು ಇಬ್ಬರಿಗೂ ಬೇಕಾದ ಒಂದು ಕೆಲಸ: ಅವರೆ ಸುಲಿಯುವುದಾಗಲಿ, ಗಿಡಕ್ಕೆ ನೀರೆರೆಯುವುದಾಗಲಿ, ಕಣ್ಣು ಮಂಜಾದವರಿಗೆ ಶಾಲೆಯ ಮಗು ಪತ್ರಿಕೆ ಓದಿಹೇಳುವುದಾಗಲಿ.

ನಮ್ಮ ಕಾಲೇಜುಗಳ ಸಮಾಜಸೇವಾ ಶಿಬಿರಗಳಿಂದ ವೃದ್ಧಾಶ್ರಮಗಳಿಗೆ ಹೋಗುವ ಅಧ್ಯಾಪಕರೂ ವಿದ್ಯಾರ್ಥಿಗಳೂ ವರದಿ ಬರೆಯುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲೆಂದು ವಿನಂತಿ. ಇಲ್ಲಿ ಸೇರಿದ ಹಿರಿಯರಿಗೂ ಎಳೆಯರಿಗೂ ಒಬ್ಬರಿಂದೊಬ್ಬರಿಗೆ ಆಗಬೇಕಾದ ಕೆಲಸ ಯಾವುದು? ಅವರು ನಾಳೆಯೂ ಸೇರುತ್ತಾರೆಯೇ? ಇವರಲ್ಲಿ ಒಬ್ಬರು ಬರದೆಹೋದರೆ, ಆ ದಿನ ಅವರನ್ನು ಹುಡುಕಿಕೊಂಡು ಹೋಗುವವರು ಯಾರು? ಮೂರನೆಯ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ಬಂದಲ್ಲಿ ವರದಿಯ ಉಳಿದ ಪುಟಗಳನ್ನು ಧೈರ್ಯವಾಗಿ ಬರೆಯಬಹುದು.